ಬೆಳಿಗ್ಗೆ ಒಂದು ಲೆಕ್ಕ, ಮಧ್ಯಾಹ್ನ ಇನ್ನೊಂದು: ಸೆಲ್ ಟೆಸ್ಟರ್‌ಗೆ ಯಾವ ವೋಲ್ಟೇಜ್ ರೆಫರೆನ್ಸ್ ಚಿಪ್ ಹಾಕಲಿ?

ಕಲಬುರಗಿ_ಪ್ಯಾಕ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಹಳೇ ಲ್ಯಾಪ್‌ಟಾಪ್ ಬ್ಯಾಟರಿ, ಕೆಟ್ಟ ಇ-ಬೈಕ್ ಪ್ಯಾಕ್ ಬಿಚ್ಚಿ, ಇನ್ನೂ ಜೀವ ಇರುವ 18650 ಲಿಥಿಯಂ ಸೆಲ್ ಆರಿಸಿ ಹೊಸ ಪ್ಯಾಕ್ ಕಟ್ಟಿಕೊಡುತ್ತೇನೆ. ಕೆಪಾಸಿಟಿ ಚೆನ್ನಾಗಿದ್ದರೂ ಕೆಲವು ಸೆಲ್ ಸುಮ್ನೆ ಇಟ್ಟಲ್ಲೇ ಸೋರುತ್ತವೆ. ಅಂಥದೊಂದು ಪ್ಯಾಕ್ ಒಳಗೆ ಸೇರಿದರೆ ಗಿರಾಕಿ ವಾಪಸ್ ಬರುವುದು ಗ್ಯಾರಂಟಿ. ಅದಕ್ಕೇ ಚಾರ್ಜ್ ಮಾಡಿ, ಒಂದು ದಿನ ಬಿಟ್ಟು ವೋಲ್ಟೇಜ್ ಬರೆದಿಡುತ್ತೇನೆ. ಒಂದು ತಿಂಗಳು ಪೆಟ್ಟಿಗೆಯಲ್ಲಿಟ್ಟು ಮತ್ತೆ ಅಳೆಯುತ್ತೇನೆ. ಒಳ್ಳೆ ಸೆಲ್ ಕೆಲವೇ ಮಿಲಿವೋಲ್ಟ್ ಇಳಿದಿರುತ್ತದೆ, ಸೋರುವುದು ಅದಕ್ಕಿಂತ ಜಾಸ್ತಿ. ಹಾಗಾಗಿ ಎರಡು ಮಿಲಿವೋಲ್ಟ್ ಅಂದರೂ ನನಗೆ ದೊಡ್ಡ ವಿಷಯ.

ಟೆಸ್ಟರ್ ನಾನೇ ಮಾಡಿದ್ದು. ಇಎಸ್‌ಪಿ32 ಕಂಟ್ರೋಲರ್ ಬೋರ್ಡ್, ಅದಕ್ಕೆ ಎಡಿಎಸ್1115 ಮಾಡ್ಯೂಲ್ (ವೋಲ್ಟೇಜನ್ನು ಅಂಕಿ ಮಾಡಿಕೊಡುವ ಎಡಿಸಿ ಚಿಪ್), ನಡುವೆ ಎರಡರ ಸಿಗ್ನಲ್ ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್. ಮಾಡ್ಯೂಲ್‌ಗೆ 5 ವೋಲ್ಟ್ ಸಪ್ಲೈ, ಸೆಲ್ ನೇರವಾಗಿ ಎ0 ಪಿನ್‌ಗೆ, ರೇಂಜ್ 6.144 ವೋಲ್ಟ್. ಹಲವು ಸಲ ಓದಿ ಸರಾಸರಿ ತೆಗೆಯುತ್ತೇನೆ.

ತೊಂದರೆ ಏನೆಂದರೆ, ಅದೇ ಸೆಲ್ ಬೆಳಿಗ್ಗೆ ಅಂಗಡಿ ತೆಗೆದಾಗ 4.0809 ತೋರಿಸುತ್ತದೆ, ಮಧ್ಯಾಹ್ನ 4.0793. ಸಂಜೆ ಮತ್ತೆ ಮೇಲೆ. ನಮ್ಮ ಅಂಗಡಿ ತಗಡಿನ ಶೀಟಿನ ಕೆಳಗೆ. ಬೆಂಚ್ ಮೇಲೆ ಬೆಳಿಗ್ಗೆ 28 ಡಿಗ್ರಿ ಇದ್ದದ್ದು ಮಧ್ಯಾಹ್ನ 41 ಆಗುತ್ತದೆ. ಕೈ ಮೀಟರಿನಲ್ಲಿ ನೋಡಿದರೆ ಅದು ಇನ್ನೇನೋ ಹೇಳುತ್ತದೆ.

ಎಲ್ಲರೂ ಪ್ರಿಸಿಷನ್ ವೋಲ್ಟೇಜ್ ರೆಫರೆನ್ಸ್, ಅಂದರೆ ಹೋಲಿಸಿ ನೋಡಲು ಒಂದೇ ವೋಲ್ಟೇಜ್ ಕೊಡುತ್ತಿರುವ ಚಿಪ್, ಹಾಕು ಅಂತಾರೆ. ಆನ್‌ಲೈನ್‌ನಲ್ಲಿ ಅಕ್ರಿಲಿಕ್ ಡಬ್ಬಿಯ ಎಡಿ584 ಬೋರ್ಡ್ ಇದೆ. 2.5, 5, 7.5, 10 ನಾಲ್ಕೂ ಕೊಡುತ್ತದೆ, ಅಳೆದ ಬೆಲೆ ಚೀಟಿಯಲ್ಲಿ ಐದು ದಶಮಾಂಶದವರೆಗೆ ಬರೆದು ಅಂಟಿಸಿರುತ್ತಾರೆ. ಎಲ್‌ಎಂ399 ಬೋರ್ಡ್ ಇದೆ, ಅದು ಒಳಗೇ ಹೀಟರ್ ಇರುವ ಚಿಪ್ ಅಂತೆ, ಬೆಲೆ ಜಾಸ್ತಿ. ಆರ್‌ಇಎಫ್50 ಸರಣಿಯದೂ ಸಿಗುತ್ತದೆ. ಯಾವುದು ಕೊಂಡರೆ ನನ್ನ 4.08 ನಿಜವಾಗಿ 4.08 ಅಂತ ನಂಬಬಹುದು? ಇನ್ನೊಂದು, ಎಡಿಎಸ್1115ರಲ್ಲಿ ರೆಫರೆನ್ಸ್ ಪಿನ್ನೇ ಕಾಣಲಿಲ್ಲ. ಎಲ್ಲಿಗೆ ಕೊಡಬೇಕು?

---

ಹುಬ್ಬಳ್ಳಿ_ಸೋಲ್ಡರ್ ಉತ್ತರ:

ಅಣ್ಣಾ, ಇಷ್ಟಕ್ಕೆಲ್ಲ ದೊಡ್ಡ ಚಿಪ್ ಯಾಕೆ? ಟಿಎಲ್431 ಹಾಕಿ ನೋಡಿ. ಹಳೇ ಮೊಬೈಲ್ ಚಾರ್ಜರ್, ಎಸ್‌ಎಂಪಿಎಸ್ ಬಿಚ್ಚಿದರೆ ಪುಕ್ಕಟೆ ಸಿಗುತ್ತದೆ, 2.495 ವೋಲ್ಟ್ ಕೊಡುತ್ತದೆ. ಇನ್ನೂ ಸ್ವಲ್ಪ ಒಳ್ಳೆಯದು ಬೇಕಿದ್ದರೆ ಎಲ್‌ಎಂ4040, ಎ ಗ್ರೇಡ್ 0.1% ಬರುತ್ತದೆ. ಎರಡೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತವೆ.

---

ಪೀಣ್ಯ_ಕ್ಯಾಲಿಬ್ರೇಷನ್ ಉತ್ತರ:

ಕಲಬುರಗಿಯವರೇ, ಚಿಪ್ ಕೊಳ್ಳುವ ಮೊದಲು ಒಂದು ಲೆಕ್ಕ ಹಾಕೋಣ. ನಾನು ಬೆಂಗಳೂರಿನಲ್ಲಿ ಕ್ಯಾಲಿಬ್ರೇಷನ್ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಜೀವನವೆಲ್ಲ ಪಿಪಿಎಂ ಎಣಿಸಿದ್ದೇ ಆಯಿತು. ಈ ವಿಷಯದಲ್ಲಿ ಜನ ದುಡ್ಡು ದಂಡ ಮಾಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ 1.6 ಮಿಲಿವೋಲ್ಟ್ ವ್ಯತ್ಯಾಸ. 4.08ರಲ್ಲಿ ಅದು ಸುಮಾರು 390 ಪಿಪಿಎಂ. ಅಂದರೆ ಹತ್ತು ಲಕ್ಷದಲ್ಲಿ 390 ಭಾಗ. ಬಿಸಿ ಏರಿದ್ದು 13 ಡಿಗ್ರಿ. ಭಾಗಿಸಿದರೆ ಡಿಗ್ರಿಗೆ 30 ಪಿಪಿಎಂ. ಈಗ ಎಡಿಎಸ್1115ರ ಡೇಟಾಶೀಟ್ (ತಯಾರಕರು ಕೊಡುವ ವಿವರಪಟ್ಟಿ) ತೆಗೆದು ಗೇನ್ ಡ್ರಿಫ್ಟ್, ಅಂದರೆ ಬಿಸಿಗೆ ಓದು ಎಷ್ಟು ಕದಲುತ್ತದೆ ಅನ್ನುವ ಸಾಲು ನೋಡಿ. ಡಿಗ್ರಿಗೆ ಸಾಮಾನ್ಯವಾಗಿ 5 ಪಿಪಿಎಂ, ಗರಿಷ್ಠ 40 ಪಿಪಿಎಂ ಅಂತ ಇದೆ. ನಿಮ್ಮ 30 ಅದರೊಳಗೇ ಬಂತು. ಚಿಪ್ ಕೆಟ್ಟಿಲ್ಲ, ಹೇಳಿದ ಮಾತಿನೊಳಗೇ ಇದೆ. ಅದರ ಒಳಗಿನ ರೆಫರೆನ್ಸ್ ಬಿಸಿಗೆ ಅಷ್ಟು ಕದಲುತ್ತದೆ, ಅಷ್ಟೇ. ಸೆಲ್‌ನ ವೋಲ್ಟೇಜ್ ಕೂಡ ಬಿಸಿಗೆ ಸ್ವಲ್ಪ ಆಡುತ್ತದೆ, ಆದ್ದರಿಂದ ಯಾರು ಕದಲಿದರು ಅಂತ ಖಚಿತ ಮಾಡಿಕೊಳ್ಳುವುದು ಒಳ್ಳೆಯದು. ದಾರಿ ಮುಂದೆ ಹೇಳುತ್ತೇನೆ.

ನಿಮ್ಮ ಕೈ ಮೀಟರನ್ನು ಈ ಜಗಳಕ್ಕೆ ಪಂಚಾಯ್ತಿಗೆ ಕರೆಯಬೇಡಿ. 0.5% ಅಂತ ಬರೆದಿರುವ ಮೀಟರ್ ಆದರೆ 4.08 ವೋಲ್ಟ್‌ಗೆ 20 ಮಿಲಿವೋಲ್ಟ್ ಆಚೀಚೆ ಹೇಳಿದರೂ ಅದು ಸರಿಯೇ.

ಈಗ ಮುಖ್ಯ ಮಾತು. ನೀವು ಕೇಳಿದ್ದು "ನಿಜವಾದ 4.08". ನಿಮ್ಮ ಕೆಲಸ ನೋಡಿದರೆ ನಿಮಗೆ ಅದು ಬೇಕಾಗಿಯೇ ಇಲ್ಲ. ಒಂದು ಸೆಲ್‌ನ ಇವತ್ತಿನ ವೋಲ್ಟೇಜನ್ನು ಅದೇ ಸೆಲ್‌ನ ಮುಂದಿನ ತಿಂಗಳ ವೋಲ್ಟೇಜಿನ ಜೊತೆ ಹೋಲಿಸುತ್ತೀರಿ. ಕಿರಾಣಿ ಅಂಗಡಿಯ ಒಂದು ಕಿಲೋ ಬಟ್ಟು 995 ಗ್ರಾಂ ಇದ್ದರೂ, ಎರಡು ಮೂಟೆಯಲ್ಲಿ ಯಾವುದು ಹೆಚ್ಚು ಅಂತ ಅದರಲ್ಲಿ ಹೇಳಬಹುದು. ಬಟ್ಟೇ ಬೆಳಿಗ್ಗೆ ಒಂದು ತೂಕ, ಸಂಜೆ ಒಂದು ತೂಕ ಆದರೆ ಏನೂ ಹೇಳಲಾಗದು. ನೀವು ದುಡ್ಡು ಕೊಡಬೇಕಾದದ್ದು ಕದಲದೆ ನಿಲ್ಲುವ ಗುಣಕ್ಕೆ.

ಡೇಟಾಶೀಟಿನ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕುವುದು ಇನಿಷಿಯಲ್ ಅಕ್ಯುರಸಿ, ಅಂದರೆ ಹೊಸ ಚಿಪ್ ಹೇಳಿದ ವೋಲ್ಟೇಜಿನಿಂದ ಎಷ್ಟು ಆಚೀಚೆ ಇರಬಹುದು ಅನ್ನುವುದು. 0.1%, 0.05%, 0.02% ಹೀಗೆ. ಅದನ್ನು ಒಂದು ಸಲ ಒಳ್ಳೆ ಮೀಟರಿನಲ್ಲಿ ಅಳೆದು ಪ್ರೋಗ್ರಾಂನಲ್ಲಿ ಬರೆದುಬಿಟ್ಟರೆ ಮುಗಿಯಿತು, ತೊಂದರೆ ಹೋಯಿತು. ಆದರೆ ಬಿಸಿಗೆ ಕದಲುವುದು, ವಯಸ್ಸಾದಂತೆ ಜಾರುವುದು, ಇವೆರಡನ್ನು ಹಾಗೆ ಬರೆದು ಕಳೆಯಲಾಗುವುದಿಲ್ಲ. ದುಡ್ಡು ಅಲ್ಲಿ ಹಾಕಿ. ಹುಬ್ಬಳ್ಳಿಯವರು ಹೇಳಿದ ಎಲ್‌ಎಂ4040 ಎ ಗ್ರೇಡ್ 0.1% ಇರುವುದು ನಿಜ. ಆದರೆ ಅದೇ ಚಿಪ್ ಡಿಗ್ರಿಗೆ 100 ಪಿಪಿಎಂವರೆಗೂ ಕದಲಬಹುದು ಅಂತ ಮುಂದಿನ ಪುಟದಲ್ಲಿದೆ. ನಿಮ್ಮ 13 ಡಿಗ್ರಿಗೆ 1300 ಪಿಪಿಎಂ, ಅಂದರೆ ಐದು ಮಿಲಿವೋಲ್ಟ್ ಮೇಲೆ. ಈಗ ಇರುವುದಕ್ಕಿಂತ ಕಡೆ ಆಗಬಹುದು. ಟಿಎಲ್431 ಪವರ್ ಸಪ್ಲೈಯಲ್ಲಿ ಚಿನ್ನದಂಥ ಚಿಪ್, ಅಲ್ಲೇ ಇರಲಿ.

ಎಡಿಎಸ್1115ಕ್ಕೆ ರೆಫರೆನ್ಸ್ ಪಿನ್ ಇಲ್ಲ, ನೀವು ನೋಡಿದ್ದು ಸರಿ. ಆದರೆ ಅದಕ್ಕೆ ನಾಲ್ಕು ಇನ್‌ಪುಟ್ ಇದೆ ಅಲ್ವಾ? ನಿಮ್ಮ ಸೆಲ್ ಎ0ಗೆ ಹೋಗಿದೆ. ಎ3ಗೆ ಒಂದು ಒಳ್ಳೆ ರೆಫರೆನ್ಸ್ ಕೊಡಿ. ಪ್ರತಿ ಸಲ ಸೆಲ್ ಓದಿದ ಕೂಡಲೇ ಎ3ಯನ್ನೂ ಓದಿ. ಆಮೇಲೆ:

ಸೆಲ್ ವೋಲ್ಟೇಜ್ = ಎ0 ಓದು × ರೆಫರೆನ್ಸಿನ ನಿಜ ಬೆಲೆ ÷ ಎ3 ಓದು

ಒಳಗಿನ ರೆಫರೆನ್ಸ್ ಬಿಸಿಗೆ ಎಷ್ಟು ಕದಲಿದರೂ ಎ0 ಮತ್ತು ಎ3 ಎರಡೂ ಒಂದೇ ಪ್ರಮಾಣದಲ್ಲಿ ಕದಲುತ್ತವೆ. ಭಾಗಿಸಿದಾಗ ಅದು ಹೊಡೆದುಹೋಗುತ್ತದೆ. ಉಳಿಯುವುದು ಹೊರಗಿನ ಚಿಪ್ಪಿನ ಕದಲಿಕೆ ಮಾತ್ರ. ಹೊಸ ಎಡಿಸಿ ಬೇಡ, ಬೋರ್ಡ್ ಬದಲಿಸುವುದೂ ಬೇಡ. ಎರಡೂ ಚಾನೆಲ್‌ಗೆ ಒಂದೇ ರೇಂಜ್ ಇರಲಿ, 6.144. ರೇಂಜ್ ಬದಲಿಸಿದರೆ ಗೇನ್ ಬದಲಾಗಿ ಈ ಲೆಕ್ಕ ಹಾಳಾಗುತ್ತದೆ. ಯಾರು ಕದಲಿದರು ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಎ3 ಓದು ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ 1.6 ಮಿಲಿವೋಲ್ಟ್ ಇಳಿದರೆ ನಿಮ್ಮ ಸೆಲ್ ನಿರಪರಾಧಿ.

ಎಷ್ಟು ವೋಲ್ಟ್‌ದು? ಅಳೆಯುವ ವೋಲ್ಟೇಜಿಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. 4.096 ವೋಲ್ಟ್‌ದು ತೆಗೆದುಕೊಳ್ಳಿ. ಆರ್‌ಇಎಫ್5040 ಸರಿಯಾಗಿ ಅಷ್ಟೇ ಕೊಡುತ್ತದೆ, 5 ವೋಲ್ಟ್ ಸಪ್ಲೈಯಲ್ಲಿ ಆರಾಮಾಗಿ ನಡೆಯುತ್ತದೆ. 10 ವೋಲ್ಟ್‌ದನ್ನು ತಂದು ರೆಸಿಸ್ಟರ್‌ನಲ್ಲಿ ಭಾಗ ಮಾಡುವ ಯೋಚನೆ ಬೇಡ. ಅಂಗಡಿಯಲ್ಲಿ ಸಿಗುವ ಮೆಟಲ್ ಫಿಲ್ಮ್ ರೆಸಿಸ್ಟರ್ ಡಿಗ್ರಿಗೆ 50ರಿಂದ 100 ಪಿಪಿಎಂ ಕದಲುತ್ತದೆ. ಎರಡೂ ಒಂದೇ ಕಡೆಗೆ ಕದಲಿದರೆ ಸರಿ, ಆದರೆ ಹಾಗೇ ಆಗುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಇಲ್ಲೊಂದು ಎಚ್ಚರ. ಈ ಸರಣಿಯಲ್ಲಿ ಎರಡು ಗ್ರೇಡ್ ಇದೆ. ಆರ್‌ಇಎಫ್5040ಎ ಅಂತ ಕೊನೆಗೆ "ಎ" ಇರುವುದು ಸಾಮಾನ್ಯ ಗ್ರೇಡ್, ಡಿಗ್ರಿಗೆ 8 ಪಿಪಿಎಂ. "ಎ" ಇಲ್ಲದ್ದೇ ಮೇಲಿನ ಗ್ರೇಡ್, 3 ಪಿಪಿಎಂ. ಬೇರೆ ಎಷ್ಟೋ ಚಿಪ್‌ಗಳಲ್ಲಿ ಇದು ಉಲ್ಟಾ, ಎಲ್‌ಎಂ399ಎ ಅಂದರೆ ಎಲ್‌ಎಂ399ಗಿಂತ ಮೇಲು. ಅಂಗಡಿಯವರು "ಎ ಇದೆ, ಇನ್ನೂ ಒಳ್ಳೇದು" ಅಂತ ಕೊಟ್ಟರೆ ತಲೆ ಅಲ್ಲಾಡಿಸಬೇಡಿ. ನಿಮ್ಮ 13 ಡಿಗ್ರಿಗೆ 8 ಪಿಪಿಎಂದು 0.42 ಮಿಲಿವೋಲ್ಟ್ ಕದಲಬಹುದು, 3 ಪಿಪಿಎಂದು 0.16. ನಿಮ್ಮ ಎಡಿಸಿಯ ಒಂದು ಹೆಜ್ಜೆಯೇ 0.1875 ಮಿಲಿವೋಲ್ಟ್. ಅಂದರೆ 3 ಪಿಪಿಎಂದು ಹಾಕಿದರೆ ಒಂದು ಹೆಜ್ಜೆಯೊಳಗೇ ಮುಗಿಯಿತು. ಅದಕ್ಕಿಂತ ಮೇಲಿನ ಚಿಪ್ ಹಾಕಿದರೂ ಈ ಎಡಿಸಿಗೆ ಕಾಣುವುದಿಲ್ಲ.

ಔಟ್‌ಪುಟ್‌ಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಲೇಬೇಕು. ಈ ಚಿಪ್ 1ರಿಂದ 50 ಮೈಕ್ರೋಫ್ಯಾರಡ್ ಕೇಳುತ್ತದೆ, ಕೆಪಾಸಿಟರಿನ ಒಳ ರೆಸಿಸ್ಟೆನ್ಸ್ 1.5 ಓಮ್ ದಾಟಬಾರದು. 1ರಿಂದ 1.5 ಓಮ್ ಇದ್ದರೆ ನಾಯ್ಸ್ ಕಡಿಮೆ. ಸೆರಾಮಿಕ್ ಹಾಕುವುದಾದರೆ ಅದರ ಜೊತೆ ಸಾಲಾಗಿ 1 ಓಮ್ ರೆಸಿಸ್ಟರ್ ಹಾಕಿಬಿಡಿ.

ಸೋಲ್ಡರ್ ಮಾಡಿದ ದಿನವೇ ಬೆಲೆ ಅಳೆದು ಬರೆದಿಡಬೇಡಿ. ಸೋಲ್ಡರಿನ ಬಿಸಿಗೆ ಪ್ಲಾಸ್ಟಿಕ್ಕೂ ಸಿಲಿಕಾನ್ನೂ ಹಿಗ್ಗಿ ಕುಗ್ಗಿ, ಒಳಗಿನ ಒತ್ತಡ ಬದಲಾಗಿ ವೋಲ್ಟೇಜ್ ಒಂಚೂರು ಸರಿದಿರುತ್ತದೆ. ಕೆಲವು ವಾರ ಆನ್ ಮಾಡಿ ಬಿಡಿ. ಮೊದಲ ಸಾವಿರ ಗಂಟೆಯಲ್ಲಿ ಜಾರುವುದು ಜಾಸ್ತಿ, ಆಮೇಲೆ ನಿಧಾನ ಆಗುತ್ತದೆ. ಚಿಪ್ಪನ್ನು ಬೋರ್ಡಿನ ಸ್ಕ್ರೂ ತೂತಿನ ಪಕ್ಕ ಕೂರಿಸಬೇಡಿ. ಸ್ಕ್ರೂ ಬಿಗಿ ಮಾಡಿದಾಗ ಬೋರ್ಡ್ ಬಾಗಿದರೆ ಅದೂ ವೋಲ್ಟೇಜಿನಲ್ಲಿ ಕಾಣುತ್ತದೆ. ಮಂಗಳೂರಿನ ಕಡೆಯವರು ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು: ಮಳೆಗಾಲದಲ್ಲಿ ಪ್ಲಾಸ್ಟಿಕ್ ಪ್ಯಾಕೇಜ್ ತೇವ ಹೀರಿ ಉಬ್ಬುತ್ತದೆ. ಆ ಒತ್ತಡಕ್ಕೂ ರೆಫರೆನ್ಸ್ ಕದಲುತ್ತದೆ. ನಿಮ್ಮ ಕಲಬುರಗಿಗೆ ಆ ಕಾಟ ಕಡಿಮೆ.

ಇನ್ನು ಆ ಎಡಿ584 ಚೀಟಿ. ಚಿಪ್ ಒಳ್ಳೆಯದೇ, ಹಳೇ ವಿನ್ಯಾಸ, ನಂಬಿಕಸ್ಥ. ಜೆ ಗ್ರೇಡ್ 10 ವೋಲ್ಟ್‌ನಲ್ಲಿ 30 ಮಿಲಿವೋಲ್ಟ್ ಆಚೀಚೆ, ಕೆ ಗ್ರೇಡ್ 10 ಮಿಲಿವೋಲ್ಟ್. ಚೀಟಿಯಲ್ಲಿ ಐದು ದಶಮಾಂಶ ಬರೆದಿದ್ದಾರೆ ಅಂದಿರಿ. ಯಾವ ಮೀಟರಿನಲ್ಲಿ, ಎಷ್ಟು ಡಿಗ್ರಿಯಲ್ಲಿ, ಯಾವತ್ತು ಅಳೆದರು, ಆ ಮೀಟರನ್ನು ಯಾವುದರ ಎದುರು ತಾಳೆ ನೋಡಿದ್ದರು? ಅದು ಬರೆದಿಲ್ಲದಿದ್ದರೆ ಕೊನೆಯ ಮೂರು ಅಂಕಿ ಅಲಂಕಾರ ಅಷ್ಟೇ.

ನಾನು ಕೆಲಸಕ್ಕೆ ಸೇರಿದಾಗ ಲ್ಯಾಬಿನಲ್ಲಿ ವೆಸ್ಟನ್ ಸೆಲ್‌ಗಳಿದ್ದವು. ಹೆಚ್ ಆಕಾರದ ಗಾಜಿನ ನಳಿಗೆ, ಒಂದು ಕಾಲಲ್ಲಿ ಪಾದರಸ, ಇನ್ನೊಂದರಲ್ಲಿ ಕ್ಯಾಡ್ಮಿಯಂ ಅಮಾಲ್ಗಂ. 20 ಡಿಗ್ರಿಯಲ್ಲಿ 1.0186 ವೋಲ್ಟ್. ವಾಲಿಸುವಂತಿಲ್ಲ, ಕರೆಂಟ್ ಎಳೆಯುವಂತಿಲ್ಲ, ಒಂದು ಡಿಗ್ರಿ ಏರಿದರೆ 40 ಮೈಕ್ರೋವೋಲ್ಟ್ ಇಳಿಯುತ್ತಿತ್ತು. ಅದಕ್ಕೇ ಎಣ್ಣೆಯ ತೊಟ್ಟಿಯಲ್ಲಿ ಮುಳುಗಿಸಿ ಇಡುತ್ತಿದ್ದೆವು. ಆಮೇಲೆ ಆ ಜಾಗಕ್ಕೆ ಝೀನರ್ ಡಯೋಡ್ ರೆಫರೆನ್ಸ್ ಇರುವ ಪೆಟ್ಟಿಗೆಗಳು ಬಂದವು, ಹೊತ್ತು ಸಾಗಿಸಬಹುದು ಅನ್ನುವುದೇ ದೊಡ್ಡ ನೆಮ್ಮದಿ. ಈಗ ದೇಶದ ವೋಲ್ಟ್ ಇರುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ. ಅಲ್ಲಿ ಜೋಸೆಫ್ಸನ್ ಜಂಕ್ಷನ್ ಎಂಬ ಸೂಪರ್‌ಕಂಡಕ್ಟರ್ ಜೋಡಣೆಗಳನ್ನು ದ್ರವ ಹೀಲಿಯಂನ ಚಳಿಯಲ್ಲಿಟ್ಟು, ಮೈಕ್ರೋವೇವ್ ಕೊಟ್ಟು ವೋಲ್ಟ್ ಹುಟ್ಟಿಸುತ್ತಾರೆ. ಒಂದು ವೋಲ್ಟ್‌ಗೆ 483597.8484 ಗಿಗಾಹರ್ಟ್ಸ್, 2019ರ ಮೇ 20ರಿಂದ ಈ ಅಂಕಿ ಖಾಯಂ. ಅಲ್ಲಿಂದ ಲ್ಯಾಬ್‌ಗೆ, ಲ್ಯಾಬ್‌ನಿಂದ ಮೀಟರಿಗೆ, ಮೀಟರಿನಿಂದ ನಿಮ್ಮ ಬೋರ್ಡಿಗೆ ಒಂದು ಸರಪಳಿ ಇರಬೇಕು. ಚೀಟಿಗೆ ಆ ಸರಪಳಿ ಇಲ್ಲ.

ನಿಮ್ಮೂರಲ್ಲೇ ಎಂಜಿನಿಯರಿಂಗ್ ಕಾಲೇಜಿದೆ. ಲ್ಯಾಬ್‌ನಲ್ಲಿ ಆರೂವರೆ ಡಿಜಿಟ್ ಬೆಂಚ್ ಮೀಟರ್ ಇದೆಯಾ, ಕ್ಯಾಲಿಬ್ರೇಷನ್ ತಾರೀಖು ಮುಗಿದಿಲ್ಲವಾ ಕೇಳಿ. 34401ಎ ಥರದ್ದು ಸಿಕ್ಕರೆ 4.1 ವೋಲ್ಟ್‌ಗೆ ಒಂದು ವರ್ಷದ ಲೆಕ್ಕದಲ್ಲಿ 0.2 ಮಿಲಿವೋಲ್ಟ್ ಒಳಗೆ ಹೇಳುತ್ತದೆ. ಬೋರ್ಡನ್ನು ಅಲ್ಲಿ ಅರ್ಧ ಗಂಟೆ ಆನ್ ಮಾಡಿಟ್ಟು, ಅಳೆದು, ಬೆಲೆಯ ಜೊತೆ ಡಿಗ್ರಿಯನ್ನೂ ಬರೆದುಕೊಳ್ಳಿ.

---

ಮೈಸೂರು_ಬೆಂಚ್ ಉತ್ತರ:

ಮೇಡಂ ಹೇಳಿದ್ದೇ ಸರಿ, ಈ ಕೆಲಸಕ್ಕೆ ಎಲ್‌ಎಂ399 ಬೇಡ. ಆದರೆ ನಾನು ಬೆಂಚ್ ಮೀಟರ್ ರಿಪೇರಿ ಮಾಡುವವನು, ಆ ಚಿಪ್ ಬಗ್ಗೆ ನಾಲ್ಕು ಮಾತು ಹೇಳದೆ ಇರಲಾರೆ.

34401ಎ ಬಿಚ್ಚಿದರೂ, ಕೀಥ್ಲೀ 2000 ಬಿಚ್ಚಿದರೂ ಒಳಗೆ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಕೂತಿರುವ ಸಣ್ಣ ಲೋಹದ ಡಬ್ಬಿ ಅದೇ. ನಾಲ್ಕು ಕಾಲು. ಎರಡು ಝೀನರ್‌ಗೆ, ಎರಡು ಹೀಟರ್‌ಗೆ. ಹೀಟರ್ ಒಳಗಿನ ಸಿಲಿಕಾನನ್ನು ಸುಮಾರು 90 ಡಿಗ್ರಿಯಲ್ಲಿ ಹಿಡಿದಿಡುತ್ತದೆ. ಹೊರಗೆ 28 ಇದ್ದರೇನು, 41 ಇದ್ದರೇನು, ಅದಕ್ಕೆ ಯಾವಾಗಲೂ ಒಂದೇ ಹವೆ. ಡಿಗ್ರಿಗೆ 1 ಪಿಪಿಎಂಗಿಂತಲೂ ಕಡಿಮೆ ಕದಲುವುದು ಮಾಮೂಲು. ಆ ಟೋಪಿಯನ್ನು ಮಾತ್ರ ಎಂದೂ ಕೀಳಬೇಡಿ. ಫ್ಯಾನಿನ ಗಾಳಿ ಡಬ್ಬಿಗೆ ನೇರ ಬಡಿದರೆ ಹೀಟರ್ ಒದ್ದಾಡುತ್ತದೆ.

ತೊಂದರೆ ಏನು ಗೊತ್ತಾ? ಅದು ಕೊಡುವುದು ಸುಮಾರು 6.95 ವೋಲ್ಟ್. ಒಂದೊಂದು ಚಿಪ್ಪಿನದು ಒಂದೊಂದು. ನಿಮ್ಮ ಎಡಿಸಿಗೆ ಅದು ಜಾಸ್ತಿ, ಇಳಿಸಬೇಕು. ಇಳಿಸುವುದು ಅಂದರೆ ಮತ್ತೆ ರೆಸಿಸ್ಟರ್. ಅದರ ಜೊತೆ ಹೀಟರ್‌ಗೆ 9 ವೋಲ್ಟ್ ಮೇಲಿನ ಬೇರೆ ಸಪ್ಲೈ ಬೇಕು. ಆನ್ ಆದ ಕ್ಷಣ 200 ಮಿಲಿಆಂಪ್ ವರೆಗೂ ಎಳೆಯುತ್ತದೆ, ಬಿಸಿಯಾದ ಮೇಲೆ ಇಳಿಯುತ್ತದೆ. ಕಾಲುಗಳು ಕೋವಾರ್ ಲೋಹದವು. ತಾಮ್ರದ ಟ್ರ್ಯಾಕಿಗೆ ಬೆಸೆದ ಜಾಗದಲ್ಲಿ ಎರಡು ಕಾಲಿಗೆ ಒಂದು ಡಿಗ್ರಿ ವ್ಯತ್ಯಾಸ ಬಂದರೆ 40 ಮೈಕ್ರೋವೋಲ್ಟ್ ಹತ್ತಿರ ತಾನಾಗಿ ಹುಟ್ಟಿಕೊಳ್ಳುತ್ತದೆ. ಹತ್ತಿ ಅಥವಾ ಫೋಮ್ ಮುಚ್ಚಿ ಗಾಳಿ ತಪ್ಪಿಸಬೇಕು.

ಆನ್‌ಲೈನ್‌ನಲ್ಲಿ ಹಳೇ ಬೋರ್ಡಿನಿಂದ ಕಿತ್ತ ಎಲ್‌ಎಂ399 ಮಾರುತ್ತಾರೆ. ಎಷ್ಟೋ ಜನ ಹಳೆಯದು ಅಂತ ಮೂಗು ಮುರಿಯುತ್ತಾರೆ. ಈ ಒಂದು ಚಿಪ್ಪಿನ ವಿಷಯದಲ್ಲಿ ವರ್ಷಗಟ್ಟಲೆ ಬಿಸಿಯಲ್ಲಿ ಕೂತು ಬಂದದ್ದು ಹೊಸದಕ್ಕಿಂತ ಶಾಂತವಾಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಜಾರುವುದೆಲ್ಲ ಜಾರಿ ಮುಗಿದಿರುತ್ತದೆ. ಕೀಳುವಾಗ ಜಾಸ್ತಿ ಕಾಯಿಸಿರಬಾರದು, ಅಷ್ಟೇ.

---

ಡಿಪ್ಲೊಮಾ_ದಾವಣಗೆರೆ ಉತ್ತರ:

ಮೇಡಂ, ನಾನು ಇ ಅಂಡ್ ಸಿ (ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್) ಓದುತ್ತಿದ್ದೇನೆ. ಕ್ಲಾಸಿನಲ್ಲಿ ಝೀನರ್ ಡಯೋಡ್ ಒಂದೇ ಹೇಳಿಕೊಟ್ಟರು. ಈ ಚಿಪ್‌ಗಳಲ್ಲಿ ಕೆಲವಕ್ಕೆ ಬ್ಯಾಂಡ್‌ಗ್ಯಾಪ್ ಅಂತಾರೆ, ಕೆಲವಕ್ಕೆ ಬರೀಡ್ ಝೀನರ್ ಅಂತಾರೆ. ಬಿಸಿಗೆ ಕದಲದ ಹಾಗೆ ಮಾಡುವುದು ಹೇಗೆ? ಮಾಮೂಲಿ ಝೀನರ್ ಯಾಕೆ ಆಗುವುದಿಲ್ಲ?

---

ಪೀಣ್ಯ_ಕ್ಯಾಲಿಬ್ರೇಷನ್ ಉತ್ತರ:

ಒಳ್ಳೆ ಪ್ರಶ್ನೆ ಕಣಪ್ಪ. ಸಿಲಿಕಾನ್‌ನಲ್ಲಿ ಕದಲದ ವಸ್ತು ಯಾವುದೂ ಇಲ್ಲ. ಒಂದು ಮೇಲೆ ಕದಲುವುದನ್ನೂ ಇನ್ನೊಂದು ಕೆಳಗೆ ಕದಲುವುದನ್ನೂ ಜೋಡಿಸಿ ಕೂಡಿಸುವುದೇ ಇಡೀ ವಿದ್ಯೆ.

ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ವೋಲ್ಟೇಜ್ ತೆಗೆದುಕೊ. ಒಂದು ಡಿಗ್ರಿ ಏರಿದರೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಈಗ ಎರಡು ಟ್ರಾನ್ಸಿಸ್ಟರ್ ಇಟ್ಟು, ಒಂದಕ್ಕೆ ಎಂಟು ಪಟ್ಟು ವಿಸ್ತಾರ ಕೊಟ್ಟು, ಎರಡರಲ್ಲೂ ಒಂದೇ ಕರೆಂಟ್ ಹರಿಸು. ಅವುಗಳ ಬೇಸ್-ಎಮಿಟರ್ ವೋಲ್ಟೇಜ್‌ಗಳ ನಡುವಿನ ವ್ಯತ್ಯಾಸ ಕೋಣೆಯ ಬಿಸಿಯಲ್ಲಿ 54 ಮಿಲಿವೋಲ್ಟ್ ಹತ್ತಿರ ಇರುತ್ತದೆ. ಇದು ಬಿಸಿ ಏರಿದಂತೆ ಏರುತ್ತದೆ, ಡಿಗ್ರಿಗೆ ಸುಮಾರು 0.18 ಮಿಲಿವೋಲ್ಟ್. ಅದನ್ನು ಹತ್ತು ಹನ್ನೊಂದು ಪಟ್ಟು ಹಿಗ್ಗಿಸಿದರೆ ಡಿಗ್ರಿಗೆ 2 ಮಿಲಿವೋಲ್ಟ್ ಏರಿಕೆ. ಮೊದಲಿನ ಇಳಿಕೆಗೆ ಕೂಡಿಸು, ಹೊಂದಿತು. ಕೂಡಿದ ಮೊತ್ತ 1.2 ವೋಲ್ಟ್ ಆಸುಪಾಸು ಬರುತ್ತದೆ, ಸಿಲಿಕಾನಿನ ಬ್ಯಾಂಡ್‌ಗ್ಯಾಪ್ (ಕರೆಂಟ್ ಹರಿಸಲು ಎಲೆಕ್ಟ್ರಾನ್ ದಾಟಬೇಕಾದ ಶಕ್ತಿಯ ಅಂತರ) ಇರುವುದೂ ಅಲ್ಲೇ, ಅದಕ್ಕೇ ಆ ಹೆಸರು. ನ್ಯಾಷನಲ್ ಸೆಮಿಕಂಡಕ್ಟರ್‌ನಲ್ಲಿ ಬಾಬ್ ವಿಡ್ಲರ್ 1970ರ ಆಸುಪಾಸಿನಲ್ಲಿ ಇದನ್ನು ಚಿಪ್ ಮಾಡಿದರು. ಅನಲಾಗ್ ಡಿವೈಸಸ್‌ನ ಪಾಲ್ ಬ್ರೋಕಾ ಎಡಿ580ರಲ್ಲಿ ಹಾಕಿದ ಜೋಡಣೆ ಇವತ್ತಿಗೂ ಪಾಠ. ನೋಟ್‌ಬುಕ್ಕಿನಲ್ಲಿ ಬ್ರೋಕಾ ಸೆಲ್ ಅಂತ ಬರೆದುಕೋ, ಒಂದು ಸಲ ಕೈಯಾರೆ ಲೆಕ್ಕ ಮಾಡು. ಆದರೆ ಆ ಎರಡು ಗೆರೆಯಲ್ಲಿ ಇಳಿಯುವ ಗೆರೆ ಪೂರ್ತಿ ನೇರ ಅಲ್ಲ, ಸ್ವಲ್ಪ ಬಾಗಿದೆ. ಆ ಬಾಗು ತೆಗೆಯಲು ಇನ್ನಷ್ಟು ಸರ್ಕ್ಯೂಟ್ ಬೇಕು. ಡಿಗ್ರಿಗೆ 30 ಪಿಪಿಎಂ ಚಿಪ್ಪಿಗೂ 3 ಪಿಪಿಎಂ ಚಿಪ್ಪಿಗೂ ಬೆಲೆ ಅಷ್ಟು ದೂರ ಇರುವುದು ಬಹುಪಾಲು ಆ ಬಾಗನ್ನು ತಿದ್ದುವ ಕೆಲಸಕ್ಕೆ ಮತ್ತು ಒಂದೊಂದನ್ನೂ ಬೇರೆ ಬೇರೆ ಬಿಸಿಯಲ್ಲಿ ಪರೀಕ್ಷಿಸುವ ಖರ್ಚಿಗೆ.

ಝೀನರ್ ಕಥೆ ಬೇರೆ. 6 ವೋಲ್ಟ್ ಮೇಲಿನ ಝೀನರ್ ಬಿಸಿಗೆ ಏರುತ್ತದೆ. ಅದರ ಜೊತೆ ಸಾಲಾಗಿ ಇಳಿಯುವ ಡಯೋಡ್ ಇಟ್ಟರೆ ಅಲ್ಲೂ ಹೊಂದಿಕೆ. ಮಾಮೂಲಿ ಝೀನರಿನಲ್ಲಿ ಜಂಕ್ಷನ್ ಬ್ರೇಕ್‌ಡೌನ್ ಆಗುವುದು, ಅಂದರೆ ಉಲ್ಟಾ ಕರೆಂಟ್ ಹರಿಯುವುದು, ಸಿಲಿಕಾನಿನ ಮೇಲ್ಮೈಯಲ್ಲಿ, ಆಕ್ಸೈಡ್‌ಗೆ ತಾಗಿಕೊಂಡೇ. ಅಲ್ಲಿ ಸಿಕ್ಕಿಕೊಂಡ ಚಾರ್ಜ್, ಕೊಳೆ ಎಲ್ಲ ಸೇರಿ ನಾಯ್ಸ್ ಜಾಸ್ತಿ, ವರ್ಷ ಕಳೆದಂತೆ ಜಾರುವುದೂ ಜಾಸ್ತಿ. ಆ ಜಂಕ್ಷನ್ನನ್ನು ಮೇಲ್ಮೈಯಿಂದ ಕೆಳಗೆ ಹೂತರೆ ಈ ಕಾಟ ತಪ್ಪುತ್ತದೆ. ಅದೇ ಬರೀಡ್ ಝೀನರ್. ಎಲ್‌ಎಂ399 ಅಂಥದು. ಎಲ್‌ಟಿಝೆಡ್1000 ಅದರ ದೊಡ್ಡಣ್ಣ, ಡಿಗ್ರಿಗೆ 0.05 ಪಿಪಿಎಂ. 1989ರಲ್ಲಿ ಬಂದ ಎಚ್‌ಪಿ 3458ಎ ಮೀಟರಿನ ಹೃದಯ ಅದು. ಆ ಮೀಟರ್ ಎದುರು ಕೂತು ಕೆಲಸ ಮಾಡಿದ್ದೇನೆ. ಕೊನೆಯ ಅಂಕಿ ಕೂಡ ಅಷ್ಟು ಹೊತ್ತು ಅಲುಗದೆ ನಿಂತಿದ್ದು ನೋಡುವುದು ನನಗೆ ಇವತ್ತಿಗೂ ಖುಷಿ.

---

ಕಲಬುರಗಿ_ಪ್ಯಾಕ್ ಉತ್ತರ:

ಮೇಡಂ, ತಡವಾಗಿ ಬರೆಯುತ್ತಿದ್ದೇನೆ. ಬೋರ್ಡ್ ಆನ್ ಮಾಡಿ ಬಿಡಿ ಅಂದಿದ್ದಿರಿ, ಹಾಗೇ ಬಿಟ್ಟಿದ್ದೆ.

ಆರ್‌ಇಎಫ್5040 ಎರಡು ಕಡೆಯಿಂದ ತರಿಸಿದೆ. ಒಂದು ಅಧಿಕೃತ ವಿತರಕರಿಂದ, "ಎ" ಇಲ್ಲದ್ದು. ಇನ್ನೊಂದು ಕಡಿಮೆ ಬೆಲೆಗೆ ಒಬ್ಬ ಆನ್‌ಲೈನ್ ಮಾರಾಟಗಾರರಿಂದ. ಅಗ್ಗದ್ದು 4.09 ಏನೋ ಕೊಟ್ಟಿತು. ಬೆರಳಿಟ್ಟು ಬಿಸಿ ಮಾಡಿದರೆ ಸಾಕು, ಅಂಕಿ ಓಡುತ್ತದೆ. ವಿತರಕರಿಂದ ಬಂದದ್ದು ಬೆರಳಿಟ್ಟರೂ ಅಲ್ಲೇ ನಿಂತಿದೆ. ನೋಡಿ ಮೈ ಜುಂ ಅಂತು.

ಎ3ಗೆ ಕೊಟ್ಟ ಮೇಲೆ ನೋಡಿದ್ದು: ಎ3 ಓದು ಬೆಳಿಗ್ಗೆ 4.0967, ಮಧ್ಯಾಹ್ನ 4.0951. ನೀವು ಹೇಳಿದ ಅದೇ 1.6 ಮಿಲಿವೋಲ್ಟ್. ಭಾಗಿಸಿದ ಮೇಲೆ ಒಂದು ಸೆಲ್ ಬೆಳಿಗ್ಗೆ 4.0746, ಮಧ್ಯಾಹ್ನ 4.0747. ಕಾಲೇಜಿನ ಲ್ಯಾಬ್‌ನಲ್ಲಿ 34401ಎ ಇತ್ತು, ಅಲ್ಲಿನ ಸರ್ ಖುಷಿಯಿಂದಲೇ ಅಳೆದುಕೊಟ್ಟರು. 27 ಡಿಗ್ರಿಯಲ್ಲಿ 4.0957 ಬಂತು.

ಎರಡು ಪ್ರಶ್ನೆ ಉಳಿದಿವೆ. ಅಗ್ಗದ ಚಿಪ್ ನಕಲಿ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ? ಇನ್ನೊಂದು, ವೋಲ್ಟೇಜ್ ಸ್ವಲ್ಪ ಹೊಂದಿಸುವ ಟ್ರಿಮ್ ಪಿನ್‌ಗೆ ಪ್ರಿಸೆಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಹಾಕಿ ಸರಿಯಾಗಿ 4.0960ಕ್ಕೆ ತಿರುಗಿಸಿಕೊಳ್ಳಲಾ?

---

ಪೀಣ್ಯ_ಕ್ಯಾಲಿಬ್ರೇಷನ್ ಉತ್ತರ:

ತುಂಬಾ ಸಂತೋಷವಾಯಿತು. ಅಂಕಿಗಳು ಚೆನ್ನಾಗಿ ಬಂದಿವೆ.

ಮೊದಲು ನಕಲಿಯ ವಿಷಯ. ಆರ್‌ಇಎಫ್5040ರ ಮೂರನೇ ಪಿನ್ ಟೆಂಪ್ (ಟೆಂಪರೇಚರ್) ಅಂತ ಇದೆ. ಅಸಲಿ ಚಿಪ್ಪಿನಲ್ಲಿ ಅದು 25 ಡಿಗ್ರಿಗೆ ಸುಮಾರು 575 ಮಿಲಿವೋಲ್ಟ್ ಕೊಡುತ್ತದೆ, ಡಿಗ್ರಿಗೆ 2.64 ಮಿಲಿವೋಲ್ಟ್ ಏರುತ್ತದೆ. ಎರಡೂ ಚಿಪ್ಪಿನ ಆ ಪಿನ್ ಅಳೆದು ನೋಡಿ. ಅಗ್ಗದ್ದರಲ್ಲಿ ಏನೂ ಬರದಿದ್ದರೆ, ಅಥವಾ ಬಿಸಿ ಮಾಡಿದರೂ ಏರದಿದ್ದರೆ, ಅದು ಬೇರೆ ಯಾವುದೋ ಚಿಪ್ಪಿನ ಮೇಲೆ ಹೆಸರು ಒರೆಸಿ ಬರೆದದ್ದು. ಅಸಲಿಯದರ ಟೆಂಪ್ ಪಿನ್ನನ್ನು ಖಾಲಿ ಇರುವ ಎ2ಗೆ ಕೊಡಿ. ಆ ಪಿನ್ ಕರೆಂಟ್ ಕೊಡುವಂಥದ್ದಲ್ಲ, ಹಾಗಾಗಿ ಲೆಕ್ಕ ಪೂರ್ತಿ ಸರಿ ಬರಲು ನಡುವೆ ಆಪ್-ಆಂಪ್ ಬಫರ್ (ಕರೆಂಟ್ ಎಳೆಯದೆ ಅದೇ ವೋಲ್ಟೇಜ್ ದಾಟಿಸುವ ಚಿಪ್) ಬೇಕು. ಏರಿತೋ ಇಳಿಯಿತೋ ನೋಡಲು ಬಫರ್ ಇಲ್ಲದೆಯೂ ನಡೆಯುತ್ತದೆ. ಪ್ರತಿ ಸೆಲ್ಲಿನ ಜೊತೆ ಆ ಹೊತ್ತಿನ ಬಿಸಿಯೂ ದಾಖಲಾಗುತ್ತದೆ. ಸೆಲ್ ತಾನೇ ಬಿಸಿಗೆ ಎಷ್ಟು ಆಡುತ್ತದೆ ಅಂತ ಕೆಲವು ತಿಂಗಳಲ್ಲಿ ನಿಮಗೇ ತಿಳಿಯುತ್ತದೆ.

ಪ್ರಿಸೆಟ್ ಬೇಡವೇ ಬೇಡ. ಪ್ರಿಸೆಟ್ಟಿನ ಸ್ಲೈಡರ್ ಕದಲಿದರೆ, ಅದರ ರೆಸಿಸ್ಟೆನ್ಸ್ ಬಿಸಿಗೆ ಬದಲಾದರೆ, ಅದೆಲ್ಲ ನೇರ ನಿಮ್ಮ ರೆಫರೆನ್ಸ್ ಒಳಗೆ ಹೋಗುತ್ತದೆ. ಪ್ರೋಗ್ರಾಂನಲ್ಲಿ 4.096 ಇರುವ ಕಡೆ 4.0957 ಅಂತ ಬರೆದುಬಿಡಿ. ಟ್ರಿಮ್ ಪಿನ್ನಿಂದ ಗ್ರೌಂಡ್‌ಗೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ನಾಯ್ಸ್ ಇನ್ನೂ ಇಳಿಯುತ್ತದೆ. ಮುಂದಿನ ವರ್ಷ ಇದೇ ತಿಂಗಳಲ್ಲಿ ಅದೇ ಮೀಟರಿನಲ್ಲಿ ಮತ್ತೆ ಅಳೆಸಿ, ಬಂದ ಅಂಕಿಯನ್ನು ಇಲ್ಲೇ ಹಾಕಿ. ಎಷ್ಟು ಜಾರಿದೆ ಅಂತ ನೋಡುವ ಆಸೆ ನನಗೂ ಇದೆ.